ಮೇಲಿನ ಬೋಟಿಂಗ್ ಕೆರೆಯ ಏರಿ ಬುಡದಲ್ಲಿ ನೀರು ಒಸರುತ್ತಿದೆ, ಏನು ಮಾಡಬೇಕು?

ಕೆಳತೋಟ · ಜುಲೈ 9, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ದೇವಿಮನೆ ಘಟ್ಟದ ಕಡೆ ಹೋಗುವಾಗ ಒಳಗೆ ಸಿಗುವ ಊರು ನಮ್ಮದು. ಹೆಸರು ಬರೆಯುವುದಿಲ್ಲ. ಕೆರೆಯವರು ನಮ್ಮ ಸಂಬಂಧಿಕರೇ. ಅವರ ಮರ್ಯಾದೆ ತೆಗೆಯಬೇಕು ಅಂತ ನನಗಿಲ್ಲ.

ಆರು ವರ್ಷದ ಹಿಂದೆ ಅವರು ಹೋಮ್‌ಸ್ಟೇ ಶುರು ಮಾಡಿದರು. ಎರಡು ಗುಡ್ಡದ ನಡುವೆ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಕೆರೆ ಮಾಡಿಕೊಂಡರು. ಬೋಟಿಂಗ್, ಮೀನು, ಮಕ್ಕಳ ಆಟ ಎಲ್ಲ ಅಲ್ಲೇ. ಏರಿ ಸುಮಾರು 150 ಅಡಿ ಉದ್ದ. ನಡುವೆ 22 ಅಡಿ ಎತ್ತರ, ಹಗ್ಗ ಬಿಟ್ಟು ಅಳೆದಿದ್ದೇನೆ. ನೀರು ಒಂದು ಎಕರೆಯಷ್ಟು ಹರಡಿದೆ. ಏರಿಯಿಂದ 300 ಮೀಟರ್ ಕೆಳಗೆ ನಮ್ಮ ಅಡಿಕೆ ತೋಟ, ನಾಲ್ಕು ಮನೆ, ಮಕ್ಕಳು ಶಾಲೆಗೆ ಹೋಗುವ ಕಾಲುಸಂಕ.

ಆರಿದ್ರಾ ಮಳೆ ಹಿಡಿದಾಗಿನಿಂದ ಏರಿಯ ಎಡಬದಿಯ ಬುಡ ಒದ್ದೆ. ಇವತ್ತು ನೋಡಿದರೆ ಬೆರಳು ಗಾತ್ರದ ನೀರು ಹೊರಗೆ ಬರುತ್ತಿದೆ. ಮೀನು ತಪ್ಪಿಸಿಕೊಂಡು ಹೋಗಬಾರದು ಅಂತ ಕೋಡಿಗೆ ಬಲೆ ಕಟ್ಟಿದ್ದಾರೆ. ಅದರ ತುಂಬ ಸೊಪ್ಪು, ಕಸ. ಬೋಟಿಗೆ ನೀರು ಜಾಸ್ತಿ ಇರಲಿ ಅಂತ ಕೋಡಿಯ ಬಾಯಿಗೆ ಒಂದೂವರೆ ಅಡಿ ಮರಳು ಚೀಲವನ್ನೂ ಪೇರಿಸಿದ್ದಾರೆ. ಏರಿಯ ಮೇಲೆ ಜೀಪು ಓಡಾಡಿ ನಡುಭಾಗ ತಗ್ಗಾಗಿದೆ.

ಪುನರ್ವಸು ಮಳೆ ಈಗಷ್ಟೇ ಶುರುವಾಗಿದೆ. ಪುಷ್ಯ ಬಾಕಿ ಇದೆ. ನಾನು ಸುಮ್ನೆ ಹೆದರುತ್ತಿದ್ದೇನಾ, ಅಥವಾ ನಿಜವಾಗಲೂ ಏನಾದರೂ ಮಾಡಬೇಕಾ?

ಬನವಾಸಿ ರಸ್ತೆ · ಜುಲೈ 9, ರಾತ್ರಿ 9:32

ಮಣ್ಣಿನ ಏರಿ ಅಂದಮೇಲೆ ನೀರು ಒಸರುತ್ತದೆ. ನಮ್ಮ ಊರಿನ ಕೆರೆ ನೂರಾರು ವರ್ಷದ್ದು, ಅದರ ಬುಡ ಯಾವಾಗಲೂ ಹಸಿ. ಅದೇ ಹಸಿಯಲ್ಲಿ ಜನ ಕೆಸು ಬೆಳೆಯುತ್ತಾರೆ. ಸಣ್ಣ ಕೆರೆಗೆ ಇಷ್ಟು ಗಾಬರಿ ಬೇಡ ಅನ್ನಿಸುತ್ತದೆ.

ನಿವೃತ್ತ ಇಂಜಿನಿಯರ್, ಕಾರವಾರ · ಜುಲೈ 9, ರಾತ್ರಿ 9:50

ಬನವಾಸಿಯವರು ಹೇಳಿದ್ದು ಅರ್ಧ ಸರಿ. ಒಸರದ ಮಣ್ಣಿನ ಏರಿ ಇಲ್ಲ. ಆದರೆ ಎಂಥ ನೀರು ಒಸರುತ್ತಿದೆ ಅನ್ನುವುದನ್ನು ನೋಡಲೇಬೇಕು.

ಕೆಳತೋಟದವರೇ, ಈಗಲೇ ಒಂದು ಗಾಜಿನ ಲೋಟದಲ್ಲಿ ಆ ನೀರು ಹಿಡಿಯಿರಿ. ಅಲುಗಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಮಣ್ಣು ಕೂತಿದೆಯಾ ನೋಡಿ. ಇನ್ನೊಂದು ಬಕೆಟ್ ಇಟ್ಟು, ತುಂಬಲು ಎಷ್ಟು ಹೊತ್ತು ಬೇಕು ಅಂತ ಗಡಿಯಾರ ನೋಡಿ ಬರೆದಿಡಿ. ಏರಿಯ ಒಳಗೆ ಪೈಪ್ ಏನಾದರೂ ಹೋಗಿದೆಯಾ? ಇದ್ದರೆ ಒಸರುವ ಜಾಗ ಅದಕ್ಕೆ ಎಷ್ಟು ಹತ್ತಿರ? ಏರಿಗೆ ಮಣ್ಣು ಎಲ್ಲಿಂದ ತಂದಿದ್ದರು?

ಒಬ್ಬರೇ ಹೋಗಬೇಡಿ. ಏರಿಯ ಕೆಳಗೆ ಹೆಚ್ಚು ಹೊತ್ತು ನಿಲ್ಲಬೇಡಿ.

ಕೆಳತೋಟ · ಜುಲೈ 10, ಬೆಳಿಗ್ಗೆ 6:25

ಸರ್, ಲೋಟದ ತಳದಲ್ಲಿ ನಸುಗೆಂಪು ಮಣ್ಣು ಕೂತಿದೆ, ಉಗುರು ದಪ್ಪ. 15 ಲೀಟರ್ ಬಕೆಟ್ ರಾತ್ರಿ 85 ಸೆಕೆಂಡಿಗೆ ತುಂಬಿತ್ತು. ಬೆಳಿಗ್ಗೆ 70 ಸೆಕೆಂಡಿಗೆ ತುಂಬಿತು.

ಕೆರೆ ಖಾಲಿ ಮಾಡಲು ಹಾಕಿದ 6 ಇಂಚಿನ ಪಿವಿಸಿ ಪೈಪ್ ಏರಿಯೊಳಗೆ ಇದೆ. ಒಸರುವ ಜಾಗ ಅದರ ಬಾಯಿಯಿಂದ ಮೂರು ಅಡಿ. ಮಣ್ಣು ಹೋಮ್‌ಸ್ಟೇ ಕಟ್ಟಲು ಗುಡ್ಡ ಕಡಿದಾಗ ಬಂದದ್ದು. ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಬಿಳಿ ಮತ್ತು ಗುಲಾಬಿ ಬಣ್ಣದ ಮೆತ್ತನೆ ಮಣ್ಣು. ಎರಡನ್ನೂ ಕಲಸಿ ಜೆಸಿಬಿಯಿಂದ ತಳ್ಳಿದ್ದರು. ನೀರು ಹೊಡೆದು ರೋಲರ್ ಓಡಿಸಿದ್ದನ್ನು ನಾನು ನೋಡಿಲ್ಲ.

ನಿವೃತ್ತ ಇಂಜಿನಿಯರ್, ಕಾರವಾರ · ಜುಲೈ 10, ಬೆಳಿಗ್ಗೆ 6:55

ಹಾಗಾದರೆ ನೀವು ಸುಮ್ನೆ ಹೆದರುತ್ತಿಲ್ಲ. ಮೊದಲ ಮಾತು: ಕೆಳಗಿನ ನಾಲ್ಕೂ ಮನೆಯವರು ಇವತ್ತು ರಾತ್ರಿ ಅಲ್ಲಿ ಮಲಗಬಾರದು. ಉಳಿದದ್ದು ಆಮೇಲೆ.

ಆ ಬಿಳಿ, ಗುಲಾಬಿ ಮಣ್ಣಿಗೆ ನಮ್ಮ ಕರಾವಳಿಯಲ್ಲಿ ಶೇಡಿ ಮಣ್ಣು ಅನ್ನುತ್ತೇವೆ. ಒಣಗಿದ್ದಾಗ ಗಟ್ಟಿ. ನೀರು ಕುಡಿದರೆ ಬಲ ಕಳೆದುಕೊಂಡು ಕರಗಿ ಹರಿಯುತ್ತದೆ. ಜಂಬಿಟ್ಟಿಗೆಯ ಕೆಳಗೆ ಇದು ಇರುವ ಕಡೆ ಗುಡ್ಡ ಜಾರುವುದನ್ನು ನೀವೆಲ್ಲ ನೋಡಿದ್ದೀರಿ. ಅದನ್ನೇ ಏರಿಗೆ ಹಾಕಿದ್ದಾರೆ, ಅದೂ ದಮ್ಮಸ್ಸು ಮಾಡದೆ, ಅಂದರೆ ಒತ್ತಿ ಗಟ್ಟಿ ಮಾಡದೆ.

ಎರಡನೆಯದು ಪೈಪ್. ನಯವಾದ ಪಿವಿಸಿಗೂ ಮಣ್ಣಿಗೂ ಹಿಡಿತ ಇರುವುದಿಲ್ಲ. ಪೈಪಿನ ಹೊರಮೈ ಉದ್ದಕ್ಕೂ ನೀರು ದಾರಿ ಮಾಡಿಕೊಳ್ಳುತ್ತದೆ. ಹೊರಗೆ ಬರುವ ಜಾಗದಲ್ಲಿ ಮಣ್ಣಿನ ಕಣ ಒಂದೊಂದಾಗಿ ಕಳಚಿಕೊಂಡು ಹೋಗುತ್ತದೆ. ಕೆಳಗಿನಿಂದ ಶುರುವಾದ ಬಿಲ ಹಿಂದೆ ಹಿಂದೆ ಕೊರೆಯುತ್ತಾ ಕೆರೆಯ ಕಡೆಗೆ ಹೋಗುತ್ತದೆ. ಅದು ನೀರಿಗೆ ಮುಟ್ಟಿದ ದಿನ ಏರಿ ನಿಲ್ಲುವುದಿಲ್ಲ. ಇದಕ್ಕೆ ನಾವು ಪೈಪಿಂಗ್ ಅನ್ನುತ್ತೇವೆ. ಅಮೆರಿಕದ ಇಡಾಹೊದಲ್ಲಿ 1976ರ ಜೂನ್ 5ರಂದು ಟೀಟನ್ ಅಣೆಕಟ್ಟು ಹೀಗೇ ಹೋಯಿತು. ಬೆಳಿಗ್ಗೆ ಕೆಸರು ನೀರು ಕಂಡಿತು, ಮಧ್ಯಾಹ್ನ 12 ಆಗುವ ಮೊದಲೇ ಒಡೆಯಿತು. ಅದು ಸರ್ಕಾರವೇ ಕಟ್ಟಿಸಿದ, 300 ಅಡಿ ದಾಟಿದ ಅಣೆಕಟ್ಟು. ಸುತ್ತ ಇಂಜಿನಿಯರುಗಳು ಇದ್ದರು. ಆದರೂ ಉಳಿಸಲು ಆಗಲಿಲ್ಲ.

ನೀರು ತಿಳಿಯಾಗಿದ್ದು, ಪ್ರಮಾಣ ಬದಲಾಗದಿದ್ದರೆ ಕಾದು ನೋಡಬಹುದು. ನಿಮ್ಮದು ಮಣ್ಣು ತರುತ್ತಿದೆ, ಒಂದೇ ರಾತ್ರಿಗೆ ಹೆಚ್ಚೂ ಆಗಿದೆ.

ದಯವಿಟ್ಟು ಯಾರೂ ಆ ತೂತಿಗೆ ಜೇಡಿಮಣ್ಣು, ಸಿಮೆಂಟ್, ಗೋಣಿಚೀಲ ತುರುಕಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಹೊರಬಾಯಿ ಮುಚ್ಚಿದರೆ ನೀರು ಏರಿಯ ಹೊಟ್ಟೆಯಲ್ಲಿ ಒತ್ತಡ ಕಟ್ಟಿಕೊಂಡು ಇನ್ನೊಂದು ಕಡೆ ಒಡೆಯುತ್ತದೆ. ನೀರು ಬರಲಿ, ಮಣ್ಣು ಮಾತ್ರ ಬರಬಾರದು. ಅದಕ್ಕೆ ಒಸರುವ ಜಾಗದ ಮೇಲೆ ಮೊದಲು ತೊಳೆದ ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಕಲ್ಲು ಹಾಕಬೇಕು. ಒಂದೊಂದು ಪದರವೂ ಒಂದು ಅಡಿ ಇರಲಿ, ಒಸರುವ ಜಾಗಕ್ಕಿಂತ ಸುತ್ತ ನಾಲ್ಕೈದು ಅಡಿ ಹೆಚ್ಚು ಹರಡಲಿ. ಮಾಡುವಾಗ ಒಬ್ಬರು ಏರಿಯ ಬದಿಯ ಗುಡ್ಡದ ಮೇಲೆ ನಿಂತು ನೀರನ್ನೇ ನೋಡುತ್ತಿರಬೇಕು. ಬಣ್ಣ ಒಮ್ಮೆಲೇ ಕೆಂಪಾದರೆ ಕೂಗಬೇಕು, ಕೆಳಗಿದ್ದವರು ಬದಿಗೆ ಓಡಬೇಕು. ಹಳ್ಳದ ಉದ್ದಕ್ಕೆ ಓಡಬಾರದು.

ಹಳ್ಳದಂಚಿನ ಮನೆ · ಜುಲೈ 10, ಬೆಳಿಗ್ಗೆ 7:20

ಸರ್, ನಾಲ್ಕು ಮನೆಗಳಲ್ಲಿ ಮೊದಲನೆಯದು ನಮ್ಮದು. ನಮ್ಮತ್ತೆಗೆ 81 ವರ್ಷ, ನಡೆಯಲು ಆಗುವುದಿಲ್ಲ. ಏರಿ ಒಡೆದರೆ ನೀರು ನಮ್ಮ ಅಂಗಳಕ್ಕೆ ಬರಲು ಎಷ್ಟು ಹೊತ್ತು? ಸದ್ದು ಕೇಳಿದ ಮೇಲೆ ಎತ್ತಿಕೊಂಡು ಹೋಗಬಹುದಾ?

ನಿವೃತ್ತ ಇಂಜಿನಿಯರ್, ಕಾರವಾರ · ಜುಲೈ 10, ಬೆಳಿಗ್ಗೆ 7:28

ಇಲ್ಲಮ್ಮ, ಆಗುವುದಿಲ್ಲ. ಒಂದು ಎಕರೆ ನೀರು, ಸರಾಸರಿ 8 ಅಡಿ ಆಳ ಅಂದರೂ ಹತ್ತಿರ ಹತ್ತಿರ 1 ಕೋಟಿ ಲೀಟರ್. ತೂಕ 10 ಸಾವಿರ ಟನ್. ಇಳಿಜಾರಿನ ಹಳ್ಳದಲ್ಲಿ ಸೆಕೆಂಡಿಗೆ 2–3 ಮೀಟರ್ ಓಡಿದರೂ 300 ಮೀಟರಿಗೆ ಎರಡು, ಎರಡೂವರೆ ನಿಮಿಷ. ಮಣ್ಣು, ಮರದ ದಿಮ್ಮಿ ಎಲ್ಲ ಅದರ ಜೊತೆ ಬರುತ್ತದೆ. ಅತ್ತೆಯವರನ್ನು ಬೆಳಕಿದ್ದಾಗಲೇ ಮೇಲಿನ ಯಾರದಾದರೂ ಮನೆಗೆ ಕರೆದುಕೊಂಡು ಹೋಗಿ. ಅವರ ಔಷಧಿ, ಕಾಗದಪತ್ರ ಜೊತೆಗಿರಲಿ. ದನಗಳ ಹಗ್ಗ ಬಿಚ್ಚಿಡಿ, ಅಥವಾ ಮೇಲಿನ ಬೆಟ್ಟಕ್ಕೆ ಹೊಡೆಯಿರಿ.

ಕೊಂಕಣ ರೈಲು · ಜುಲೈ 10, ಬೆಳಿಗ್ಗೆ 8:05

ನಾನು ಮಹಾರಾಷ್ಟ್ರದ ಚಿಪಳೂಣದಲ್ಲಿ ಕೆಲಸ ಮಾಡಿದವನು. ಅದೇ ತಾಲೂಕಿನ ತಿವರೆ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆಯಿತು. ಅದೂ ಮಣ್ಣಿನದೇ. ಮಲಗಿದ್ದ ಜನ ಮನೆ ಸಮೇತ ಹೋದರು. ಒಸರುತ್ತಿದೆ ಅಂತ ಮೊದಲೇ ಹೇಳಿದ್ದೆವು ಎಂದು ಊರವರು ಅತ್ತರು. ಏಡಿಗಳು ಕೊರೆದದ್ದರಿಂದ ಒಡೆಯಿತು ಎಂದು ಆಗಿನ ಮಂತ್ರಿಯೊಬ್ಬರು ಹೇಳಿದ್ದು ಸುದ್ದಿಯಾಯಿತು. ಏಡಿ, ಹೆಗ್ಗಣ, ಗೆದ್ದಲು ಏರಿಗೆ ತೂತು ಮಾಡುವುದು ಸುಳ್ಳಲ್ಲ. ಆದರೆ ವರ್ಷಕ್ಕೆ ಎರಡು ಸಲ ಏರಿಯ ಮೇಲೆ ಕೆಳಗೆ ನಡೆದು ನೋಡುವವರಿದ್ದರೆ ಆ ತೂತು ಕಣ್ಣಿಗೆ ಬೀಳುತ್ತದೆ, ಅಲ್ವಾ?

ಹೋಮ್‌ಸ್ಟೇ ಮಾಲೀಕ · ಜುಲೈ 10, ಬೆಳಿಗ್ಗೆ 8:40

ಇದು ನಮ್ಮ ಕೆರೆ. ಪಕ್ಕದೂರಿನವರು ಫೋನ್ ಮಾಡಿ ಹೇಳಿದ ಮೇಲೆ ನೋಡಿದೆ. ಭಾವ, ಇಲ್ಲಿ ಬರೆಯುವ ಬದಲು ಮನೆಗೆ ಬಂದು ಹೇಳಿದ್ದರೆ ಆಗುತ್ತಿರಲಿಲ್ಲವಾ? ಬೆಳಿಗ್ಗೆಯಿಂದ ಹತ್ತು ಜನ ಫೋನ್ ಮಾಡಿದ್ದಾರೆ. ಮನಸ್ಸಿಗೆ ತುಂಬ ನೋವಾಗಿದೆ.

ಏರಿ ಹಾಕಿದ ಗುತ್ತಿಗೆದಾರರು ಇದು ನೂರು ವರ್ಷಕ್ಕೂ ಏನೂ ಆಗುವುದಿಲ್ಲ ಎಂದಿದ್ದರು. ಸಾಲ ಇನ್ನೂ ತೀರಿಲ್ಲ. ಶನಿವಾರ, ಭಾನುವಾರ ಎಂಟೂ ಕೋಣೆ ಬುಕ್ ಆಗಿವೆ. ಬರುವವರು ಬೋಟಿಂಗಿಗೇ ಬರುವುದು.

ಆದರೆ ಆಯಿ ಆ ಮನೆಯ ಅಜ್ಜಿಯ ವಿಷಯ ಕೇಳಿ ಸುಮ್ಮನೆ ಕೂತುಬಿಟ್ಟರು. ನಮ್ಮ ಮದುವೆಗೆ ಹೋಳಿಗೆ ಲಟ್ಟಿಸಿದವರು ಅವರು. ಈಗ ಏನು ಮಾಡಬೇಕು ಹೇಳಿ ಸರ್. ಮಾಡುತ್ತೇನೆ.

ಕೆಳತೋಟ · ಜುಲೈ 10, ಬೆಳಿಗ್ಗೆ 8:46

ಭಾವ, ಜೂನಿನಲ್ಲಿ ಒಮ್ಮೆ, ಹೋದ ವಾರ ಒಮ್ಮೆ ಹೇಳಿದ್ದೆ. ನೀವು ಅತಿಥಿಗಳ ಗಡಿಬಿಡಿಯಲ್ಲಿದ್ದಿರಿ. ಇನ್ನೊಮ್ಮೆ ಬಂದು ಕೂತು ಹೇಳಬೇಕಿತ್ತು, ಅದು ನನ್ನ ತಪ್ಪು. ಹಾರೆ, ಬುಟ್ಟಿ ತೆಗೆದುಕೊಂಡು ಹೊರಟಿದ್ದೇನೆ. ತಮ್ಮನೂ ಬರುತ್ತಾನೆ.

ನಿವೃತ್ತ ಇಂಜಿನಿಯರ್, ಕಾರವಾರ · ಜುಲೈ 10, ಬೆಳಿಗ್ಗೆ 9:15

ನೀವು ಬಂದದ್ದು ಒಳ್ಳೆಯದಾಯಿತು. ನಾನು ಈಗಲೇ ಕಾರವಾರದಿಂದ ಹೊರಡುತ್ತೇನೆ. ಅಷ್ಟರೊಳಗೆ ಕೋಡಿಯ ಬಲೆ ಕಿತ್ತುಹಾಕಿ. ಮೀನು ಹೋದರೆ ಹೋಗಲಿ. ಕೋಡಿಯಲ್ಲಿರುವ ಮರಳು ಚೀಲಗಳನ್ನು ತೆಗೆದು ಏರಿಯ ನಡುವಿನ ತಗ್ಗಿಗೆ ಹಾಕಿ. ಚೀಲ ಇರಬೇಕಾದ ಜಾಗ ಅದು. ಕೋಡಿ ಯಾವತ್ತೂ ಏರಿಗಿಂತ ಕೆಳಗಿರಬೇಕು. ಮಣ್ಣಿನ ಏರಿಯ ಮೇಲೆ ನೀರು ಹತ್ತಿದರೆ ಗಂಟೆಗಳಲ್ಲಿ ಕಡಿದು ಹೋಗುತ್ತದೆ.

ಆ 6 ಇಂಚಿನ ಪೈಪಿನ ವಾಲ್ವ್ ತಿರುಗಿಸಲು ಹೋಗಬೇಡಿ. ಅದರ ಪಕ್ಕದಲ್ಲೇ ಮಣ್ಣು ಸಡಿಲವಾಗಿದೆ. ತೋಟದ 4 ಇಂಚಿನ ಎಚ್‌ಡಿಪಿಇ ಪೈಪ್ ಎರಡು ತಂದು ಏರಿಯ ಮೇಲಿನಿಂದ ಸೈಫನ್ ಮಾಡಿ. ಅಂದರೆ ಪೈಪಿನ ತುಂಬ ನೀರು ತುಂಬಿ, ಒಂದು ತುದಿ ಕೆರೆಯಲ್ಲಿ, ಇನ್ನೊಂದು ತುದಿ ಅದಕ್ಕಿಂತ ಕೆಳಗೆ ಇಟ್ಟರೆ ನೀರು ತಾನಾಗಿಯೇ ಹರಿದು ಹೋಗುತ್ತದೆ. ಹೊರಗಿನ ತುದಿ ಏರಿಯ ಬುಡದಲ್ಲಿ ಬೀಳಬಾರದು, ದೂರದ ಕಲ್ಲಿನ ಮೇಲೆ ಬೀಳಲಿ. ದಿನಕ್ಕೆ ಒಂದು ಅಡಿಗಿಂತ ಜಾಸ್ತಿ ಇಳಿಸಬೇಡಿ. ನೀರು ದಡದಡ ಇಳಿದರೆ ಏರಿಯ ಒಳಮೈ ನೆನೆದ ಭಾರಕ್ಕೆ ಕುಸಿಯುತ್ತದೆ. ಆದರೆ ಒಸರು ಒಮ್ಮೆಲೇ ಹೆಚ್ಚಾದರೆ ಈ ಲೆಕ್ಕ ಬಿಟ್ಟುಬಿಡಿ, ಜನರನ್ನು ದೂರ ಮಾಡಿ.

112ಕ್ಕೆ, ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಈಗಲೇ ಹೇಳಿಡಿ. ಪಂಚಾಯತಿ ಪಿಡಿಒ ಅವರಿಗೂ ಹೇಳಿ. ಕಾಲುಸಂಕದ ಎರಡೂ ಕಡೆ ಬಿದಿರು ಅಡ್ಡ ಕಟ್ಟಿ. ಮಕ್ಕಳು ಸುತ್ತು ಬಳಸಿ ಹೋಗಲಿ.

ಸಿದ್ದಾಪುರದ ಓದುಗ · ಜುಲೈ 10, ಮಧ್ಯಾಹ್ನ 1:30

ಬಲೆ, ತಗ್ಗಾದ ಏರಿ, ನೀರು ಬಿಡಲಾಗದ ಪೈಪ್. ಇದನ್ನು ಓದಿದಾಗ ನನಗೆ ಸೌತ್ ಫೋರ್ಕ್ ಅಣೆಕಟ್ಟು ನೆನಪಾಯಿತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಶ್ರೀಮಂತರ ಕ್ಲಬ್ಬೊಂದು ಮೀನು ಹಿಡಿಯಲು, ದೋಣಿ ಆಡಲು ಹಳೆಯ ಮಣ್ಣಿನ ಅಣೆಕಟ್ಟನ್ನು ಕೊಂಡಿತ್ತು. ಕುದುರೆ ಗಾಡಿ ದಾಟಲಿ ಅಂತ ಏರಿಯ ತಲೆ ತಗ್ಗಿಸಿದರು. ಮೀನು ಹೋಗಬಾರದು ಅಂತ ಕೋಡಿಗೆ ಜಾಲರಿ ಹಾಕಿದರು. ತಳದ ಪೈಪುಗಳನ್ನು ಹಿಂದಿನವರೇ ಕಿತ್ತಿದ್ದರು, ಇವರು ಮತ್ತೆ ಹಾಕಲಿಲ್ಲ. 1889ರ ಮೇ 31ರ ಮಳೆಗೆ ಕಸ ಜಾಲರಿಗೆ ಸಿಕ್ಕಿಕೊಂಡು ನೀರು ಏರಿ ಹತ್ತಿತು. ಕೆಳಗಿನ ಜಾನ್ಸ್‌ಟೌನಿನಲ್ಲಿ 2209 ಜನ ಸತ್ತರು.

ಮಾಲೀಕರಿಗೆ ಚುಚ್ಚಲು ಬರೆದದ್ದಲ್ಲ. ಅಲ್ಲಿಯವರಿಗೆ ಸಾಲದೇ ಹೋದ ಸಮಯ ನಿಮಗೆ ಸಿಕ್ಕಿದೆ.

ಬನವಾಸಿ ರಸ್ತೆ · ಜುಲೈ 10, ಮಧ್ಯಾಹ್ನ 2:10

ನಿನ್ನೆ ಗಾಬರಿ ಬೇಡ ಎಂದು ಬರೆದಿದ್ದೆ. ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮರಳು, ಜಲ್ಲಿ ಬೇಕಾದರೆ ನನ್ನ ಟ್ರ್ಯಾಕ್ಟರ್ ಇದೆ, ಒಂದು ಗಂಟೆಯಲ್ಲಿ ತರುತ್ತೇನೆ.

ಒಂದು ವಿಷಯ ನೆನಪಾಗುತ್ತದೆ. ನಮ್ಮ ಹಳಬರು ಹಳ್ಳಕ್ಕೆ ಕಟ್ಟ ಹಾಕುತ್ತಿದ್ದದ್ದು ಮಳೆ ನಿಂತ ಮೇಲೆ. ಕಲ್ಲು, ಸೊಪ್ಪು, ಮಣ್ಣು ಸೇರಿಸಿ ಬೇಸಿಗೆಗೆ ನೀರು ನಿಲ್ಲಿಸುತ್ತಿದ್ದರು. ಮುಂದಿನ ಮಳೆಗೆ ಮೊದಲು ಬಿಚ್ಚಿಬಿಡುತ್ತಿದ್ದರು. ಮಳೆಗಾಲದ ಹಳ್ಳವನ್ನು ತಡೆದು ನಿಲ್ಲಿಸುವ ಯೋಚನೆಯೇ ಅವರಿಗೆ ಇರಲಿಲ್ಲ.

ಕುಮಟಾ ವಕೀಲ · ಜುಲೈ 10, ಸಂಜೆ 5:00

ಕಾನೂನಿನ ಪ್ರಶ್ನೆ ಒಂದಿಬ್ಬರು ಖಾಸಗಿಯಾಗಿ ಕೇಳಿದ್ದಾರೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ್ದಕ್ಕೆ ಅನ್ವಯ. 10ರಿಂದ 15 ಮೀಟರ್ ಇದ್ದರೆ, 500 ಮೀಟರ್ ಉದ್ದ ಅಥವಾ 10 ಲಕ್ಷ ಘನ ಮೀಟರ್ ನೀರಿನಂಥ ಷರತ್ತುಗಳಲ್ಲಿ ಒಂದಾದರೂ ಇರಬೇಕು. ಈ ಏರಿ 7 ಮೀಟರ್ ಕೂಡ ಇಲ್ಲ. ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ತಪಾಸಣೆ ಆಗಬೇಕು ಎನ್ನುವ ಆ ಕಾಯ್ದೆಯ ನಿಯಮ ಇಂಥ ಕೆರೆಯನ್ನು ಮುಟ್ಟುವುದಿಲ್ಲ.

ಹಾಗಂತ ಹೊಣೆ ಇಲ್ಲ ಎಂದಲ್ಲ. ತನ್ನ ಜಾಗದಲ್ಲಿ ಅಪಾಯದ ವಸ್ತು ಕೂಡಿಟ್ಟವನು ಅದು ಹೊರಗೆ ಹೋಗಿ ಮಾಡಿದ ನಷ್ಟಕ್ಕೆ ಹೊಣೆ ಎಂಬ ತತ್ವ ಇಂಗ್ಲೆಂಡಿನ 1868ರ ರೈಲ್ಯಾಂಡ್ಸ್ ಮೊಕದ್ದಮೆಯಿಂದ ಬಂದದ್ದು. ಆ ಮೊಕದ್ದಮೆಯೂ ಖಾಸಗಿ ನೀರಿನ ಸಂಗ್ರಹದ್ದೇ. ನಮ್ಮ ದೇಶದ ಬೇಸಾಯದ ಕೆರೆಗಳಿಗೆ 1874ರಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದಲ್ಲಿ ಇಲ್ಲಿನ ಮೊಕದ್ದಮೆಗಳ ಕೊನೆಯ ಮೇಲ್ಮನವಿ ನ್ಯಾಯಪೀಠ, ವಿನಾಯಿತಿ ಕೊಟ್ಟಿತು. ಆ ಕೆರೆಗಳನ್ನು ಜಮೀನ್ದಾರ ಜನರ ಹಿತಕ್ಕೆ ಕಾಪಾಡಲೇಬೇಕಿತ್ತು, ಅವನ ನಿರ್ಲಕ್ಷ್ಯವೂ ಇರಲಿಲ್ಲ ಎಂಬುದು ಕಾರಣ. ಬೋಟಿಂಗ್ ಕೆರೆಗೆ ಆ ನೆರಳು ಸಿಗುವುದು ಕಷ್ಟ ಎಂದು ನನ್ನ ಅಭಿಪ್ರಾಯ.

ಮಾಲೀಕರು ಒಪ್ಪದಿದ್ದಾಗ, ಜನರಿಗೆ ಅಪಾಯ ತರುವುದನ್ನು ತೆಗೆಸಲು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಕೆಳಗೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಇಲ್ಲಿ ಅದು ಬೇಕಾಗಲಿಲ್ಲ, ನನಗೆ ಸಮಾಧಾನ.

ಕೆಳತೋಟ · ಜುಲೈ 10, ರಾತ್ರಿ 8:30

ದಿನವಿಡೀ 19 ಜನ ಕೆಲಸ ಮಾಡಿದೆವು. ಬಲೆ ತೆಗೆದೆವು. ಚೀಲಗಳು ಏರಿಯ ತಗ್ಗಿಗೆ ಬಂದವು. ಕೋಡಿ ತೆರೆದ ಕೂಡಲೇ ನೀರು ಭೋರ್ ಎಂದು ಹೋಯಿತು. ಸಂಜೆ ಹೊತ್ತಿಗೆ ಮಟ್ಟ 9 ಇಂಚು ಇಳಿದಿತ್ತು. ಸೈಫನ್ ಎರಡು ಸಲ ಗಾಳಿ ಹಿಡಿದು ನಿಂತಿತು, ಮೂರನೇ ಸಲ ಹತ್ತಿತು. ಇಂಜಿನಿಯರ್ ಸರ್ ಮಧ್ಯಾಹ್ನ ಬಂದವರು ಮಳೆಯಲ್ಲೇ ನಿಂತು ಮರಳು, ಜಲ್ಲಿ ಹಾಕಿಸಿದರು. ಪಂಚಾಯತಿಯವರು ಬಂದು ನೋಡಿ ಹೋದರು. ನಾಲ್ಕೂ ಮನೆಯವರು ಮೇಲೆ ಹೋಗಿದ್ದಾರೆ. ಭಾವ ಭಾನುವಾರದವರೆಗಿನ ಬುಕಿಂಗ್ ರದ್ದು ಮಾಡಿ ಎಲ್ಲರಿಗೂ ಹಣ ವಾಪಸ್ ಕಳಿಸಿದರು.

ನಿವೃತ್ತ ಇಂಜಿನಿಯರ್, ಕಾರವಾರ · ಜುಲೈ 12, ಬೆಳಿಗ್ಗೆ 10:20

ಕೋಡಿಯ ಲೆಕ್ಕ ಹಾಕಿದ್ದೇನೆ. ಆ ಹಳ್ಳಕ್ಕೆ ನೀರು ಬರುವ ಗುಡ್ಡ ಸುಮಾರು 50 ಎಕರೆ. ಒಂದು ಗಂಟೆಯಲ್ಲಿ 4 ಇಂಚು ಮಳೆ ಬಿದ್ದರೆ ಅಷ್ಟು ಜಾಗದಲ್ಲಿ 2 ಕೋಟಿ ಲೀಟರ್ ಬೀಳುತ್ತದೆ. ಮಣ್ಣು ಒಂದಷ್ಟು ಕುಡಿದರೂ ಉಳಿದದ್ದೇ ಇಡೀ ಕೆರೆಗಿಂತ ಜಾಸ್ತಿ. ಸೆಕೆಂಡಿಗೆ 3300 ಲೀಟರ್ ಹೊರಗೆ ಹೋಗಲು ದಾರಿ ಬೇಕು. ಅದಕ್ಕೆ ಕನಿಷ್ಠ 15 ಅಡಿ ಅಗಲದ, ಎರಡು ಅಡಿ ನೀರು ಹರಿಯುವ ಕೋಡಿ ಬೇಕು. ಆಗಲೂ ಏರಿಯ ತಲೆ ನೀರಿನಿಂದ ಇನ್ನೂ ಎರಡು, ಮೂರು ಅಡಿ ಮೇಲಿರಬೇಕು. ಈಗಿನ ಕೋಡಿ 4 ಅಡಿ ಅಗಲ. ಒಂದು ಅಡಿಯ ಸಿಮೆಂಟ್ ಪೈಪ್ ಎರಡು ಹಾಕೋಣವಾ ಎಂದು ನೀವು ಕೇಳಿದಿರಿ. ಒಂದು ಪೈಪಿನಲ್ಲಿ ಸೆಕೆಂಡಿಗೆ 200 ಲೀಟರ್ ಹೋದರೆ ಹೆಚ್ಚು. ಅದೂ ಒಂದು ತೆಂಗಿನ ಗರಿಗೆ ಕಟ್ಟಿಕೊಳ್ಳುತ್ತದೆ. ಬೇಡ. ತೆರೆದ ಕೋಡಿಯೇ ಬೇಕು, ಗುಡ್ಡದ ಗಟ್ಟಿ ನೆಲದಲ್ಲಿ.

ಈ ಮಳೆಗಾಲ ಪೂರ್ತಿ ಕೆರೆ ಅರ್ಧಕ್ಕಿಂತ ಕೆಳಗಿರಲಿ. ಇನ್ನೂ ಎರಡು ಸೈಫನ್ ಸೇರಿಸಿ, ಹಳ್ಳದ ನೀರು ಬಂದಷ್ಟೂ ಹೋಗುತ್ತಿರಲಿ.

ಹೋಮ್‌ಸ್ಟೇ ಮಾಲೀಕ · ಜುಲೈ 12, ಮಧ್ಯಾಹ್ನ 12:05

ಆಯಿತು ಸರ್. ಏರಿಯ ಮೇಲೆ ನೆರಳಿಗೆ ನೆಟ್ಟ ಅಕೇಶಿಯಾ ಮರಗಳನ್ನು ನಾಳೆಯೇ ಕಡಿಸಲಾ? ಆ ಪೈಪನ್ನು ಏನು ಮಾಡುವುದು?

ನಿವೃತ್ತ ಇಂಜಿನಿಯರ್, ಕಾರವಾರ · ಜುಲೈ 12, ಮಧ್ಯಾಹ್ನ 12:40

ಈಗ ಮುಟ್ಟಬೇಡಿ. ಮರ ಕಡಿದು ಬುಡ ಬಿಟ್ಟರೆ ಬೇರು ಕೊಳೆತು ಅದೇ ನೀರಿಗೆ ದಾರಿಯಾಗುತ್ತದೆ. ಮಳೆಗಾಲದಲ್ಲಿ ಬೇರು ಕಿತ್ತರೆ ಏರಿಯೇ ಸಡಿಲ. ದೀಪಾವಳಿ ಕಳೆದ ಮೇಲೆ ಕೆರೆ ಪೂರ್ತಿ ಖಾಲಿ ಮಾಡಿ, ಬೇರು ಸಮೇತ ತೆಗೆದು, ಆರಾರು ಇಂಚು ಪದರವಾಗಿ ಹದ ನೀರು ಹಾಕಿ ದಮ್ಮಸ್ಸು ಮಾಡಬೇಕು. ಪೈಪನ್ನೂ ಆಗಲೇ ಅಗೆದು ತೆಗೆಯೋಣ. ಹೊಸದು ಹಾಕುವುದಾದರೆ ಅದರ ಹೊರತುದಿಯ ಸುತ್ತ ಮರಳಿನ ಪಟ್ಟಿ ಬೇಕು. ನನ್ನ ಅನಿಸಿಕೆ ಕೇಳಿದರೆ ಅಷ್ಟು ನೀರೇ ಬೇಡ. ಏರಿಯನ್ನು 12 ಅಡಿಗೆ ಇಳಿಸಿ. ಮಕ್ಕಳು ಆಡಲು ಅಷ್ಟು ಸಾಕು, ಕೆಳಗಿನವರೂ ನಿದ್ದೆ ಮಾಡಬಹುದು.

ಹೋಮ್‌ಸ್ಟೇ ಮಾಲೀಕ · ಜುಲೈ 13, ಬೆಳಿಗ್ಗೆ 7:00

ಮನೆಯವರೆಲ್ಲ ಕೂತು ಮಾತಾಡಿದೆವು. 12 ಅಡಿಗೇ ಇಳಿಸುತ್ತೇವೆ. ಬೋಟು ಮಾರುತ್ತೇನೆ.

ಹಳ್ಳದಂಚಿನ ಮನೆ · ಜುಲೈ 16, ಬೆಳಿಗ್ಗೆ 6:40

ದಿನಾ ಲೆಕ್ಕ ಬರೆಯುವ ಕೆಲಸ ನಾನು ವಹಿಸಿಕೊಂಡಿದ್ದೇನೆ. ಇವತ್ತಿನದು: ನೀರಿನ ಮಟ್ಟ ಮೊದಲಿಗಿಂತ 5 ಅಡಿ ಕೆಳಗೆ. ಬಕೆಟ್ ತುಂಬಲು 4 ನಿಮಿಷ 10 ಸೆಕೆಂಡ್. ಲೋಟದ ತಳದಲ್ಲಿ ಮಣ್ಣಿಲ್ಲ, ಮೂರು ದಿನದಿಂದ ತಿಳಿ. ರಾತ್ರಿ ಜೋರು ಮಳೆ ಇತ್ತು, ಕೋಡಿಯವರೆಗೆ ನೀರು ಬರಲಿಲ್ಲ. ಅತ್ತೆ ಇನ್ನೂ ಮೇಲಿನ ಅಕ್ಕನ ಮನೆಯಲ್ಲೇ ಇದ್ದಾರೆ. ಹೋಮ್‌ಸ್ಟೇಯ ಆಯಿ ದಿನಾ ಸಂಜೆ ಹೋಗಿ ಅವರ ಹತ್ತಿರ ಕೂರುತ್ತಾರೆ. ನಾಳೆಯ ಲೆಕ್ಕ ನಾಳೆ ಹಾಕುತ್ತೇನೆ.